ಮತಗಟ್ಟೆಯೂ ಮೊಗಸಾಲೆಯೂ

ಚುನಾವಣೆಯ ದಿನ ಭಾರತದ ಮತದಾರರ ಎಡಗೈ ಬೆರಳಿಗೆ ಹಚ್ಚುವ ಮಸಿಯು ಮೈಸೂರಿನಲ್ಲಿ ತಯಾರಾಗತಕ್ಕದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗಿನ ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆಯು 1962ರ ಮಹಾಚುನಾವಣೆಯಿಂದೀಚೆಗೆ ಈ ಮಸಿಯನ್ನು ಒದಗಿಸುತ್ತ ಬಂದಿದೆ. ಸಾಬೂನಿಗೂ ಸೀಗೆಪುಡಿಗೂ ಜಗ್ಗದ ಈ ಗುರುತು ಉಗುರು ಬೆಳೆದು ಕತ್ತರಿಸಿ ಹೋಗುವವರೆಗೆ, ಎಂದರೆ ಕೆಲವು ವಾರಗಳ ಪರ್ಯಂತ, ನಿಲ್ಲುತ್ತದೆ. ಮತ ಕೊಟ್ಟ ತೃಪ್ತಿಯಾದರೋ ಅಷ್ಟು ದಿನ ನಿಲ್ಲುವುದಿಲ್ಲ. ಮನೆಗೆ ಬಂದು ಜಗಲಿಯ ಮೇಲೆ ಕುಳಿತ ಗೃಹಸ್ಥನನ್ನು ನೆರೆಯವರು "ಯಾರಿಗೆ ಹಾಕಿದಿರಿ?" ಎಂದು ಕೇಳಿದರೆ, ಆತನ ಉತ್ತರವು ಬಹುಮಟ್ಟಿಗೆ ಹೆಸರಿನಿಂದ ಆರಂಭವಾಗುವುದಿಲ್ಲ. "ಇದ್ದವರಲ್ಲಿ ಸ್ವಲ್ಪ ವಾಸಿಯೆಂದು" ಎಂಬ ಪೀಠಿಕೆಯೊಂದಿಗೇ ಅದು ಹೊರಡುತ್ತದೆ. ಈ "ಇದ್ದವರಲ್ಲಿ" ಎಂಬ ಮಾತಿನಲ್ಲಿ ಅಡಗಿರುವ ಬೇಸರಿಕೆಯು ವಿಚಾರಕ್ಕೆ ಯೋಗ್ಯವಾದುದು.

ಚುನಾವಣೆ ಎಂಬ ಶಬ್ದಕ್ಕೆ ಆರಿಸುವಿಕೆ ಎಂದು ಅರ್ಥ. ಆದರೆ ಮತದಾರನ ಮುಂದೆ ಯಂತ್ರವು ಬರುವಷ್ಟರಲ್ಲಿ ಆರಿಸುವ ಕಾರ್ಯದ ಮುಖ್ಯಭಾಗವು ಮುಗಿದೇ ಹೋಗಿರುತ್ತದೆ. ದೊಡ್ಡ ಪಕ್ಷವೊಂದರ ಟಿಕೆಟ್ಟು ಯಾರಿಗೆಂಬುದು ಆ ಕ್ಷೇತ್ರದ ಪಕ್ಷಸದಸ್ಯರ ಸಭೆಯಲ್ಲಿ ಎಣಿಕೆಯಿಂದ ತೀರ್ಮಾನವಾಗುವ ಪದ್ಧತಿ ಈ ದೇಶದಲ್ಲಿ ಬೇರೂರಿಲ್ಲ. ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಕೆಲವರು ಕುಳಿತು, ಯಾರ ಜಾತಿಯವರು ಎಷ್ಟು ಮಂದಿ, ಯಾರ ಕೈಯಲ್ಲಿ ಎಷ್ಟು ಹಣ, ಯಾರನ್ನು ಬಿಟ್ಟರೆ ಯಾರು ಮುನಿದಾರು ಎಂದು ತೂಗಿ, ಕಡೆಯ ರಾತ್ರಿಯಲ್ಲಿ ಬಿ ಫಾರಂ ಎಂಬ ಚೀಟಿಯನ್ನು ಒಬ್ಬನ ಕೈಗೆ ಕೊಡುತ್ತಾರೆ. ಆ ಚೀಟಿ ದೊರೆತವನು ಉಮೇದುವಾರ. ದೊರೆಯದವನು ಮರುದಿನ ಬೆಳಗ್ಗೆ ಎದುರು ಪಕ್ಷದ ಬಾಗಿಲಲ್ಲಿ ನಿಂತಿರುವುದುಂಟು. ಅಡಿಗೆಯೆಲ್ಲ ಆದಮೇಲೆ ಎಲೆಯ ಮುಂದೆ ಕುಳ್ಳಿರಿಸಿ, "ಹುಳಿಯೋ ಸಾರೋ, ನಿಮ್ಮ ಇಷ್ಟ" ಎಂದು ಕೇಳಿದ ಹಾಗೆ ಮತದಾರನ ಸ್ವಾತಂತ್ರ್ಯ. ಎರಡರಲ್ಲಿಯೂ ಉಪ್ಪು ಹೆಚ್ಚಾಗಿದ್ದರೆ ಆತನೇನು ಮಾಡಬೇಕು?

ಉಮೇದುವಾರನ ಕುಲಗೋತ್ರಗಳನ್ನಾದರೂ ತಿಳಿಯುವ ಮಾರ್ಗವೊಂದು ಈಚೆಗೆ ಒದಗಿದೆ. 1999ರಲ್ಲಿ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಕೂಡಿ ಕಟ್ಟಿದ ಸಂಘವೊಂದು ನ್ಯಾಯಾಲಯದಲ್ಲಿ ವಾದಿಸಿದ ಫಲವಾಗಿ, ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಕೊಟ್ಟ ತೀರ್ಪಿನಂತೆ, ಪ್ರತಿಯೊಬ್ಬ ಉಮೇದುವಾರನೂ ತನ್ನ ಆಸ್ತಿ, ಸಾಲ, ವಿದ್ಯೆ, ತನ್ನ ಮೇಲಿರುವ ಮೊಕದ್ದಮೆಗಳು ಇವನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕಾಗಿದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಎಲ್ಲ ಪ್ರಮಾಣಪತ್ರಗಳನ್ನೂ ಓದಿ ಮುಗಿಸಿದ ವಿದ್ಯಾವಂತ ಗೃಹಸ್ಥನ ಬೇಸರವು ಇದರಿಂದ ಕಡಿಮೆಯಾಯಿತೆಂದು ಹೇಳುವಂತಿಲ್ಲ. ಮೊದಲು ಗುಮಾನಿಯಾಗಿದ್ದುದು ಈಗ ಲೆಕ್ಕವಾಯಿತು, ಅಷ್ಟೆ.

ಇನ್ನು ಖರ್ಚಿನ ವಿಷಯ. ದೊಡ್ಡ ರಾಜ್ಯಗಳಲ್ಲಿ ಲೋಕಸಭೆಯ ಉಮೇದುವಾರನೊಬ್ಬನು 95 ಲಕ್ಷ, ವಿಧಾನಸಭೆಯವನು 40 ಲಕ್ಷ ರೂಪಾಯಿಗಳನ್ನು ಮೀರಿ ವೆಚ್ಚಮಾಡಕೂಡದೆಂದು 2022ರಲ್ಲಿ ಮಿತಿಯನ್ನು ಗೊತ್ತುಮಾಡಿದರು. ಈ ಅಂಕಿಯನ್ನು ಕೇಳಿ ಯಾವ ತಾಲೂಕಿನಲ್ಲಿಯಾದರೂ ಹತ್ತು ಜನ ನಗದೆ ಇರುವರೇ? ಪಕ್ಷವು ಮಾಡುವ ಖರ್ಚಿಗಾದರೋ ಮಿತಿಯೇ ಇಲ್ಲ. ಇದಕ್ಕೊಂದು ಇತಿಹಾಸವುಂಟು. ಉಮೇದುವಾರನ ಸಲುವಾಗಿ ಪಕ್ಷವು ಮಾಡಿದ ವೆಚ್ಚವೂ ಆತನ ಲೆಕ್ಕಕ್ಕೇ ಸೇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ನಿರ್ಣಯಿಸಿತು. ಅದೇ ವರ್ಷ, ಕೆಲವೇ ವಾರಗಳೊಳಗೆ, ಕಾಯಿದೆಗೆ ಒಂದು ವಿವರಣೆಯನ್ನು ಅಂಟಿಸಿ ಪಕ್ಷದ ಖರ್ಚನ್ನು ಲೆಕ್ಕದಿಂದ ಹೊರಗಿಟ್ಟರು. ಬಾಗಿಲಿಗೆ ಚಿಲಕ ಹಾಕಿ ಗೋಡೆಯನ್ನು ಕೆಡವಿದಂತಾಯಿತು.

ಪಕ್ಷಗಳಿಗೆ ಹಣವು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹೊಸತಲ್ಲ. ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪೆನಿಯು ರಾಜಕೀಯ ಪಕ್ಷಗಳಿಗೆ ವಂತಿಗೆ ಕೊಡಲು ಅನುಕೂಲವಾಗುವಂತೆ ತನ್ನ ನಿಬಂಧನೆಗಳನ್ನು ತಿದ್ದಿಕೊಳ್ಳಲು ಅನುಮತಿಯನ್ನು ಬೇಡಿದಾಗ, 1957ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಚಾಗಲಾ ಅವರು ಕಾನೂನಿನ ಮಟ್ಟಿಗೆ ಅನುಮತಿಯನ್ನು ಕೊಟ್ಟರು. ಆದರೆ ಕೊಡುತ್ತಲೇ, ಇದರಲ್ಲಿ ಪ್ರಜಾಪ್ರಭುತ್ವವನ್ನೇ ಮುಳುಗಿಸಬಲ್ಲ ಅಪಾಯವಿದೆಯೆಂದೂ, ಪಾರ್ಲಿಮೆಂಟು ಇದನ್ನು ಯೋಚಿಸಬೇಕೆಂದೂ ಎಚ್ಚರಿಸಿದರು. ಪಾರ್ಲಿಮೆಂಟು ಯೋಚಿಸಿತು. 1969ರಲ್ಲಿ ಕಂಪೆನಿಗಳ ವಂತಿಗೆಯನ್ನು ಪೂರ್ತಿಯಾಗಿ ನಿಷೇಧಿಸಿತು. ಅದರಿಂದ ಹಣವು ನಿಂತಿತೇ? ನಿಲ್ಲಲಿಲ್ಲ, ಬೆಳಕಿನಲ್ಲಿ ಬರುತ್ತಿದ್ದುದು ಕತ್ತಲೆಯಲ್ಲಿ ಬರತೊಡಗಿತು. 1985ರಲ್ಲಿ ಆ ನಿಷೇಧವನ್ನು ತೆಗೆದರು. ಆಮೇಲೆ ಕೆಲವು ಕಾಲ, ಕಂಪೆನಿಯೊಂದು ತನ್ನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 7.5ಕ್ಕಿಂತ ಹೆಚ್ಚು ಕೊಡಕೂಡದೆಂಬ ಕಟ್ಟಾದರೂ ಇದ್ದಿತು. 2017ರ ಹಣಕಾಸಿನ ಕಾಯಿದೆಯು ಅದನ್ನೂ ಬಿಚ್ಚಿಬಿಟ್ಟಿತು. ಲಾಭವೇ ಇಲ್ಲದ ಕಂಪೆನಿಯೂ ದಾನಶೂರನಾಗಬಹುದಾಯಿತು.

ಈ ಕಾಯಿದೆಯ ಬೆನ್ನಿನ ಮೇಲೆಯೇ ಬಂದುದು ಚುನಾವಣಾ ಬಾಂಡು. 2018ನೆಯ ಜನವರಿಯಲ್ಲಿ ಪ್ರಕಟವಾದ ಈ ಯೋಜನೆಯ ಬಗೆ ಹೀಗೆ: ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗೆ ಐದು ಬಗೆಯ ಬಾಂಡುಗಳನ್ನು ಸ್ಟೇಟ್ ಬ್ಯಾಂಕು ಮಾರುವುದು, ಕೊಂಡವರು ಹದಿನೈದು ದಿನದೊಳಗೆ ತಮಗೆ ಬೇಕಾದ ಪಕ್ಷಕ್ಕೆ ಅದನ್ನು ಕೊಡುವುದು, ಕೊಂಡವರ ಹೆಸರಾಗಲಿ ಪಡೆದವರ ಹೆಸರಾಗಲಿ ಬಾಂಡಿನ ಮೇಲೆ ಇರುವುದಿಲ್ಲ. ದಾನಿಗಳಿಗೆ ಎದುರು ಪಕ್ಷದವರಿಂದ ತೊಂದರೆಯಾಗಬಾರದೆಂದು ಹೀಗೆ ಮಾಡಿದುದಾಗಿ ಸರ್ಕಾರವು ಹೇಳಿತು. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬ ಹಿರಿಯರ ನುಡಿಯು ಹೀಗೆ ಸರ್ಕಾರದ ಗೆಜೆಟ್ಟಿನಲ್ಲಿ ಸ್ಥಾನ ಪಡೆಯಿತು. ಆದರೆ ಬ್ಯಾಂಕು ಸರ್ಕಾರದ್ದೇ ಆಗಿದ್ದುದರಿಂದ, ಯಾರಿಗೆ ತಿಳಿಯಲಿಲ್ಲವೆಂದರೆ ಮತದಾರನೊಬ್ಬನಿಗೇ ತಿಳಿಯಲಿಲ್ಲ. 2018ರಿಂದ 2024ನೆಯ ಜನವರಿಯವರೆಗೆ ಮೂವತ್ತು ಕಂತುಗಳಲ್ಲಿ ಮಾರಾಟವಾದ ಬಾಂಡುಗಳ ಮೊತ್ತವು 16,518 ಕೋಟಿ ರೂಪಾಯಿ. ಇದರ ಬಹುಭಾಗವು ಒಂದೊಂದು ಕೋಟಿಯ ಬಾಂಡುಗಳಲ್ಲಿಯೇ ಬಂದಿತ್ತು. ಸಾವಿರ ರೂಪಾಯಿಯ ಬಾಂಡನ್ನು ಕೊಂಡ ಬಡ ಅಭಿಮಾನಿಯನ್ನು ದುರ್ಬೀನು ಹಾಕಿ ಹುಡುಕಬೇಕಾಗಿತ್ತು.

2024ನೆಯ ಫೆಬ್ರವರಿ 15ರಂದು ಮುಖ್ಯ ನ್ಯಾಯಾಧೀಶ ಚಂದ್ರಚೂಡರೂ ಇತರ ನಾಲ್ವರೂ ಒಕ್ಕೊರಲಿನಿಂದ ಈ ಯೋಜನೆಯನ್ನು ರದ್ದುಮಾಡಿದರು. ಹಣ ಕೊಟ್ಟವರಿಗೂ ಪಡೆದವರಿಗೂ ನಡುವೆ ಏನು ನಡೆಯಿತೆಂಬುದನ್ನು ತಿಳಿಯುವ ಹಕ್ಕು ಮತದಾರನಿಗೆ ಇದೆಯೆಂಬುದೇ ತೀರ್ಪಿನ ತಿರುಳು. ಹೆಸರುಗಳನ್ನು ಒಪ್ಪಿಸಲು ಜೂನ್ 30ರವರೆಗೆ ಗಡುವು ಬೇಕೆಂದು ಬ್ಯಾಂಕು ಕೇಳಿತು. ಅಷ್ಟು ಹೊತ್ತಿಗೆ ಲೋಕಸಭೆಯ ಚುನಾವಣೆಯೇ ಮುಗಿದುಹೋಗುತ್ತಿತ್ತು. ನ್ಯಾಯಾಲಯವು ಒಪ್ಪದೆ ಒಂದು ದಿನದ ಅವಕಾಶವನ್ನು ಮಾತ್ರ ಕೊಟ್ಟಿತು. ಮಾರ್ಚ್ 14ರಂದು ಪಟ್ಟಿಯು ಪ್ರಕಟವಾಯಿತು. ಎಲ್ಲರಿಗಿಂತ ಹೆಚ್ಚಾಗಿ, 1,368 ಕೋಟಿ ರೂಪಾಯಿಗಳ ಬಾಂಡುಗಳನ್ನು ಕೊಂಡಿದ್ದುದು ಒಂದು ಲಾಟರಿ ಕಂಪೆನಿ! ದೊಡ್ಡ ಪಕ್ಷಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಪಡೆದವರ ಪಟ್ಟಿಯಲ್ಲಿದ್ದುವು. ಆಳುವವರಿಗೆ ಹೆಚ್ಚು, ಎದುರಿನವರಿಗೆ ಕಡಿಮೆ. ರಾಜ್ಯದಲ್ಲಿ ಅಧಿಕಾರವಿದ್ದ ಕಡೆ ಹೆಚ್ಚು, ಇಲ್ಲದ ಕಡೆ ಕಡಿಮೆ. ವರ್ತಕರು ತಮ್ಮ ಸರಕಿಗೆ ಬೆಲೆ ಕಟ್ಟುವುದನ್ನು ಬಲ್ಲವರಷ್ಟೆ. ಬಾಂಡುಗಳನ್ನು ಮೊದಲಿನಿಂದ ಮುಟ್ಟದೆಯೇ ಇದ್ದ ಪಕ್ಷಗಳೂ ಉಂಟೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಮಾರ್ಕ್ಸವಾದಿ ಕಮ್ಯುನಿಸ್ಟ್ ಪಕ್ಷವು ಅವುಗಳಲ್ಲೊಂದು.

ಹಣವನ್ನು ಕೊಟ್ಟವರು ಬರಿಯ ಪ್ರೀತಿಯಿಂದ ಕೊಟ್ಟಿರಲಾರರೆಂದು ಜನರು ಊಹಿಸುತ್ತಾರೆ. ಇಲ್ಲಿಂದ ಮಾತು ಮೊಗಸಾಲೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಲಾಬಿ ಎಂದರೆ ಸಭಾಗೃಹದ ಮುಂದಿನ ಪಡಸಾಲೆ. ಸದಸ್ಯರು ಒಳಗೆ ಹೋಗುವಾಗ, ಹೊರಗೆ ಬರುವಾಗ, ಅಲ್ಲಿ ಕಾದು ನಿಂತು ತಮ್ಮ ಕೆಲಸವನ್ನು ಹೇಳಿಕೊಳ್ಳುವವರ ವೃತ್ತಿಗೆ ಆ ಪಡಸಾಲೆಯ ಹೆಸರೇ ಅಂಟಿಕೊಂಡಿತು. ಬೆಂಗಳೂರಿನ ವಿಧಾನಸೌಧದಲ್ಲಿ ಶಾಸಕರು ವಿಶ್ರಮಿಸುವ ತಾಣವನ್ನು ಮೊಗಸಾಲೆಯೆಂದೇ ಕರೆಯುತ್ತಾರೆ. ಶಬ್ದವು ಎಷ್ಟು ಸೊಗಸು! ಹಿಂದೆ ಮನೆಗಳ ಮೊಗಸಾಲೆಯಲ್ಲಿ ಬಂದವರಿಗೆ ನೀರು ಬೆಲ್ಲ ಕೊಡುತ್ತಿದ್ದರು. ಅಲ್ಲಿ ಆಡಿದ ಮಾತು ಬೀದಿಗೂ ಕೇಳುತ್ತಿತ್ತು.

ತನಗೆ ಬೇಕಾದುದನ್ನು ಆಳುವವರಲ್ಲಿ ಕೇಳಿಕೊಳ್ಳುವುದು ಪಾಪವೇನೂ ಅಲ್ಲ. 1881ನೆಯ ದಸರೆಯ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಮೊದಲನೆಯ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದಾಗ, ಅಲ್ಲಿಗೆ ಬಂದ 144 ಮಂದಿ ಭೂಮಿಯುಳ್ಳವರು ಮತ್ತು ವರ್ತಕರು ಮಾಡಿದ ಕೆಲಸವೂ ಅರಿಕೆಯೇ. ಕಾಯಿದೆ ಮಾಡುವ ಅಧಿಕಾರ ಅವರಿಗಿರಲಿಲ್ಲ. ಅವರು ಬಡವರ ಪ್ರತಿನಿಧಿಗಳೆಂದು ಹೇಳುವುದೂ ಕಷ್ಟ. ಆದರೆ ಯಾರು ಏನನ್ನು ಕೇಳಿದರೆಂಬುದು ಎಲ್ಲರ ಕಿವಿಗೂ ಬೀಳುತ್ತಿತ್ತು. ಅಮೆರಿಕದಲ್ಲಿ ಹಣ ಪಡೆದು ಪರರ ಪರವಾಗಿ ಶಾಸನಸಭೆಯವರ ಮನವೊಲಿಸುವವರು ತಮ್ಮ ಹೆಸರನ್ನು ನೋಂದಾಯಿಸಬೇಕೆಂದು 1946ರಲ್ಲಿ ಒಂದು ಕಾಯಿದೆಯನ್ನೂ, ಅದು ಸಡಿಲವಾಯಿತೆಂದು 1995ರಲ್ಲಿ ಇನ್ನೊಂದನ್ನೂ ಮಾಡಿದರು. ಅದರಿಂದ ಆ ದೇಶದ ಮತದಾರನ ಬೇಸರವು ನೀಗಿತೆಂದಲ್ಲ. 1992ರ ಅಧ್ಯಕ್ಷ ಚುನಾವಣೆಯಲ್ಲಿ ಎರಡು ದೊಡ್ಡ ಪಕ್ಷಗಳಿಗೂ ಸೇರದ ರಾಸ್ ಪೆರೋ ಎಂಬ ಧನಿಕನು ನೂರಕ್ಕೆ ಸುಮಾರು 19 ಮತಗಳನ್ನು ಗಳಿಸಿದನು. ಅಧ್ಯಕ್ಷನನ್ನು ಆರಿಸುವ ಮಂಡಲಿಯಲ್ಲಿ ಆತನಿಗೆ ಒಂದು ಮತವೂ ದಕ್ಕಲಿಲ್ಲ. ಆದರೂ ಅಲ್ಲಿ ಲೆಕ್ಕವೆಂಬುದೊಂದು ಇದೆ. ಭಾರತದಲ್ಲಿ ಅಂಥ ಕಾಯಿದೆಯಿಲ್ಲ. ಇದರ ವಿಚಿತ್ರವು 2012ರಲ್ಲಿ ಬಯಲಾಯಿತು. ಚಿಲ್ಲರೆ ವ್ಯಾಪಾರಕ್ಕೆ ವಿದೇಶೀಯರನ್ನು ಬಿಡಬೇಕೇ ಎಂದು ದೇಶವೆಲ್ಲ ವಾದಿಸುತ್ತಿದ್ದಾಗ, ವಾಲ್‌ಮಾರ್ಟ್ ಎಂಬ ಅಮೆರಿಕದ ಅಂಗಡಿಕಾರ ಕಂಪೆನಿಯು ಭಾರತದ ಮಾರುಕಟ್ಟೆಯ ಪ್ರವೇಶವೂ ಸೇರಿದಂತೆ ಹಲವು ವಿಷಯಗಳ ಮೊಗಸಾಲೆಯ ಕೆಲಸಕ್ಕೆ ಹಣ ವೆಚ್ಚಮಾಡಿತೆಂಬ ಸಂಗತಿಯು ಆ ದೇಶದ ಸೆನೆಟ್ಟಿಗೆ ಒಪ್ಪಿಸಿದ ಲೆಕ್ಕದಿಂದ ತಿಳಿದುಬಂತು. ದೆಹಲಿಯಲ್ಲಿ ಕೋಲಾಹಲವಾಗಿ, ನಿವೃತ್ತ ನ್ಯಾಯಾಧೀಶರೊಬ್ಬರ ವಿಚಾರಣಾ ಸಮಿತಿಯೂ ನೇಮಕವಾಯಿತು. ತನ್ನ ಮನೆಯ ಸುದ್ದಿಯನ್ನು ಭಾರತದ ಮತದಾರನು ವಾಷಿಂಗ್ಟನ್ನಿನ ಕಡತದಿಂದ ಓದಿಕೊಳ್ಳಬೇಕಾಯಿತು.

ಹೀಗಿರುವಲ್ಲಿ ಮತದಾರನು ಸುಮ್ಮನೆ ಕುಳಿತಿದ್ದನೆಂದು ಎಣಿಸಬಾರದು. 1996ರ ಲೋಕಸಭೆಯ ಚುನಾವಣೆಯಲ್ಲಿ ಬೆಳಗಾವಿಯ ಕ್ಷೇತ್ರವೊಂದಕ್ಕೇ 456 ಮಂದಿ ಉಮೇದುವಾರರು ನಿಂತರು. ಗಡಿಯ ವಿವಾದದಲ್ಲಿ ತಮ್ಮ ಅಸಮಾಧಾನವನ್ನು ತೋರಿಸಲು ಮರಾಠಿ ಜನರು ಹಿಡಿದ ಉಪಾಯವಿದು. ಅದೇ ವರ್ಷ ಆಂಧ್ರದ ನಲಗೊಂಡದಲ್ಲಿ ನೀರಿಗಾಗಿ ಬಾಯಿಬಿಡುತ್ತಿದ್ದ ಜನರು 480 ಮಂದಿಯನ್ನು ನಿಲ್ಲಿಸಿದರು. ತಮಿಳುನಾಡಿನ ಮೊಡಕುರಿಚ್ಚಿಯಲ್ಲಿ ವಿಧಾನಸಭೆಯ ಒಂದು ಸ್ಥಾನಕ್ಕೆ 1,033 ಮಂದಿ! ಮತಪತ್ರವು ಪುಸ್ತಕವೇ ಆಗಿಹೋಯಿತು. ಬೆಳಗಾವಿಯ ಬೇಡಿಕೆಯನ್ನು ಕನ್ನಡಿಗರು ಒಪ್ಪುವವರಲ್ಲ. ಅದು ಬೇರೆ ಮಾತು. ಆದರೆ ಮೂರೂ ಕಡೆಯ ಜನರು ಮಾಡಿದುದು ಒಂದೇ: ಇರುವ ಬಾಗಿಲಿನಿಂದ ಕೂಗು ಒಳಗೆ ಹೋಗದೆಂದು ಕಂಡು ಬಾಗಿಲಿಗೇ ನೂರಾರು ಜನ ಮುತ್ತಿದರು. ಇದಕ್ಕೆ ಪಾರ್ಲಿಮೆಂಟು ಕೊಟ್ಟ ಉತ್ತರವು ಚುಟುಕು. ಲೋಕಸಭೆಗೆ 500 ರೂಪಾಯಿ ಇದ್ದ ಠೇವಣಿಯನ್ನು ಅದೇ ವರ್ಷ 10,000ಕ್ಕೆ ಏರಿಸಿತು. ಮುಂದೆ ಅದು 25,000 ಆಯಿತು.

ಇನ್ನೊಂದು ದಾರಿಯು "ಮೇಲಿನ ಯಾರೂ ಅಲ್ಲ" ಎಂಬುದು. 1961ರ ನಿಯಮಗಳಲ್ಲಿ, ಮತಗಟ್ಟೆಗೆ ಬಂದು ಮತ ಕೊಡದೆ ಹಿಂತಿರುಗುವವನು ಅಧಿಕಾರಿಗೆ ಹಾಗೆಂದು ಹೇಳಿ ಪುಸ್ತಕದಲ್ಲಿ ರುಜು ಹಾಕಬಹುದೆಂದಿತ್ತು. ಪಕ್ಷಗಳ ಏಜೆಂಟರೆಲ್ಲ ಕಣ್ಣರಳಿಸಿ ನೋಡುತ್ತಿರುವಾಗ ಹಾಗೆ ರುಜು ಹಾಕಿ ಊರಿನಲ್ಲಿ ಸುಖವಾಗಿ ಬಾಳುವ ಧೈರ್ಯವು ಎಷ್ಟು ಜನಕ್ಕೆ ಇದ್ದೀತು? 2013ನೆಯ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ತಿರಸ್ಕಾರಕ್ಕೂ ಗುಟ್ಟು ಬೇಕೆಂದು ತೀರ್ಪು ಕೊಟ್ಟು, ಯಂತ್ರದ ಕೊನೆಯಲ್ಲಿ ನೋಟಾ ಎಂಬ ಗುಂಡಿಯನ್ನು ಇಡಿಸಿತು. 2014ರ ಲೋಕಸಭೆಯ ಚುನಾವಣೆಯಲ್ಲಿ ಸುಮಾರು 60 ಲಕ್ಷ, 2024ರಲ್ಲಿ 63 ಲಕ್ಷಕ್ಕೆ ಮೇಲ್ಪಟ್ಟು ಮತಗಳು ಅದಕ್ಕೆ ಬಿದ್ದುವು. ನೂರಕ್ಕೆ ಒಂದರ ಆಸುಪಾಸು. 2024ರಲ್ಲಿ ಇಂದೂರು ಒಂದರಲ್ಲಿಯೇ 2,18,674 ಮತಗಳು ಈ ಗುಂಡಿಗೆ ಬಂದುವು. ಕಾಂಗ್ರೆಸ್ಸಿನ ಉಮೇದುವಾರನು ಕಡೆಯ ಗಳಿಗೆಯಲ್ಲಿ ಹಿಂದೆಗೆದು ಎದುರು ಪಕ್ಷವನ್ನು ಸೇರಿದುದರಿಂದ, ಕೈಬಿಡಲ್ಪಟ್ಟ ಪಕ್ಷವೇ ನೋಟಾಕ್ಕೆ ಒತ್ತಿರೆಂದು ಸಾರಿತ್ತು. ಆದುದರಿಂದ ಅವೆಲ್ಲವೂ ನಿಷ್ಪಕ್ಷಪಾತವಾದ ತಿರಸ್ಕಾರವೆನ್ನಲಾಗದು. ಗೆದ್ದವರು ಹೇಗೂ ಹನ್ನೊಂದು ಲಕ್ಷ ಎಪ್ಪತ್ತೈದು ಸಾವಿರದ ಅಂತರದಿಂದ ಗೆದ್ದರು.

ಈ ಗುಂಡಿಯ ಬಲಹೀನತೆಯು ಎಲ್ಲಿದೆಯೆಂದರೆ, ಅದಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ ಎರಡನೆಯ ಸ್ಥಾನದವನೇ ಗೆದ್ದನೆಂದು ಲೋಕಸಭೆ ವಿಧಾನಸಭೆಗಳ ಚುನಾವಣೆಯಲ್ಲಿ ಸಾರುತ್ತಾರೆ. ಬೇಡವೆಂದು ಹೇಳಬಹುದು, ಬೇಡವೆಂದುದರಿಂದ ಏನೂ ಆಗದು. ಆ ಮಟ್ಟಿನ ಅವಕಾಶವೂ ಸೂರತಿನ ಜನಕ್ಕೆ 2024ರಲ್ಲಿ ದೊರೆಯಲಿಲ್ಲ. ಒಬ್ಬನ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆಗೆದುಕೊಂಡು, ಉಮೇದುವಾರನೊಬ್ಬನೇ ಉಳಿದುದರಿಂದ, ಅಲ್ಲಿ ಮತದಾನವೇ ನಡೆಯದೆ ಪ್ರತಿನಿಧಿಯ ಆಯ್ಕೆಯಾಯಿತು. ಕರ್ನಾಟಕದವರಿಗೆ ಬೇರೊಂದು ಬಗೆಯ ಪಾಠವಾಗಿತ್ತು. 2019ರಲ್ಲಿ 17 ಮಂದಿ ಶಾಸಕರು ಅನರ್ಹರಾದರು. ಸರ್ಕಾರವೊಂದು ಬಿದ್ದು ಇನ್ನೊಂದು ಎದ್ದಿತು. ಡಿಸೆಂಬರ್ 5ರಂದು 15 ಸ್ಥಾನಗಳಿಗೆ ಮರುಚುನಾವಣೆಯಾದಾಗ, ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದ ಚಿಹ್ನೆಯಿಂದ ನಿಂತರು. ಜನರು ಮುಖ ತಿರುಗಿಸಿದರೆ? ಇಲ್ಲ, ಬಹುಮಂದಿಯನ್ನು ಮರಳಿ ಗೆಲ್ಲಿಸಿದರು. ಜಗಲಿಯ ಮೇಲಿನ ಬೇಸರಕ್ಕೂ ಯಂತ್ರದ ಮುಂದಿನ ಬೆರಳಿಗೂ ಸಂಬಂಧವು ಅಷ್ಟು ನೇರವಾದುದಲ್ಲ. ಇದನ್ನು ಮರೆತು ಜನತೆಯ ಹೆಸರಿನಲ್ಲಿ ಕೋಪಿಸಿಕೊಳ್ಳುವವರ ಬರೆಹವನ್ನು ಓದುವಾಗ ಎಚ್ಚರಿಕೆ ಬೇಕು.

ಸಿಟ್ಟಿನ ಕೊನೆಯ ಮೆಟ್ಟಲು ಬಹಿಷ್ಕಾರ. 2024ನೆಯ ಏಪ್ರಿಲ್ 26ರಂದು ಮಲೆಮಹದೇಶ್ವರ ಬೆಟ್ಟದ ಇಂಡಿಗನತ್ತ ಎಂಬ ಕಾಡುಹಳ್ಳಿಯಲ್ಲಿ, ರಸ್ತೆ ನೀರುಗಳಿಲ್ಲದುದಕ್ಕಾಗಿ ಮತ ಕೊಡೆವೆಂದವರಿಗೂ ಕೊಡಿಸಹೋದವರಿಗೂ ಘರ್ಷಣೆಯಾಗಿ ಮತಯಂತ್ರವೇ ಪುಡಿಯಾಯಿತು. ಮೂರು ದಿನದ ಮೇಲೆ ಮರುಮತದಾನವನ್ನು ಏರ್ಪಡಿಸಿದರೆ ಬಂದವರು ಅತ್ಯಲ್ಪ. ಅದೇ ಏಪ್ರಿಲ್ 26ರಂದು, ರಸ್ತೆಯೂ ನೀರೂ ಉಳ್ಳ ಬೆಂಗಳೂರಿನ ಉತ್ತರ, ದಕ್ಷಿಣ, ಮಧ್ಯ ಈ ಮೂರು ಕ್ಷೇತ್ರಗಳಲ್ಲಿ ನೂರಕ್ಕೆ 55 ಮಂದಿಯೂ ಮತಗಟ್ಟೆಗೆ ಹೋಗಲಿಲ್ಲ. ಹಳ್ಳಿಯವರದು ಬಹಿಷ್ಕಾರವೆನಿಸಿತು, ನಗರದವರದು ರಜೆ ಎನಿಸಿತು.

ದೊಡ್ಡ ಪಕ್ಷ, ದೊಡ್ಡ ಹಣ ಇವೆರಡೂ ಇಲ್ಲದೆ ಗೆದ್ದವರೇ ಇಲ್ಲವೆಂದಲ್ಲ. 1952ರ ಮೊದಲನೆಯ ಮಹಾಚುನಾವಣೆಯಲ್ಲಿ, ಇನ್ನೂ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರು ಸಾಗರ ಹೊಸನಗರಗಳ ಕಡೆಯಿಂದ ಸಮಾಜವಾದಿಯಾಗಿ ನಿಂತು ಆಳುವ ಪಕ್ಷವನ್ನು ಸೋಲಿಸಿದರು. ಓಟಿನೊಂದಿಗೆ ಒಂದು ನೋಟನ್ನೂ ಕೊಡಿರೆಂದು ಜನರನ್ನು ಕೇಳುವುದು ಅವರ ಪದ್ಧತಿ. ಕೊಡುವವನು ಮತದಾರನೇ ಆದರೆ ಉಮೇದುವಾರನು ಋಣಿಯಾಗುವುದೂ ಆತನಿಗೇ. ಗೌಡರು 1957ರಲ್ಲಿ ಸೋತರು. 1962ರಲ್ಲಿ ಮತ್ತೆ ಗೆದ್ದರು.

ಶಿವರಾಮ ಕಾರಂತರ ಸಂಗತಿ ಇನ್ನೊಂದು ಬಗೆ. ಕೈಗಾದ ಅಣುಸ್ಥಾವರವನ್ನು ವಿರೋಧಿಸಿ ಬರೆದು, ಭಾಷಣ ಮಾಡಿ, ಫಲ ಕಾಣದೆ, 1989ರ ಲೋಕಸಭೆಯ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಅವರು ತಾವೇ ಉಮೇದುವಾರರಾದರು. ಆಗ ಅವರ ವಯಸ್ಸು ಎಂಬತ್ತೇಳು. ಗೆಲ್ಲುವೆನೆಂದು ಅವರು ನಂಬಿದ್ದರೆನ್ನುವುದು ಕಷ್ಟ; ದೊಡ್ಡ ಪಕ್ಷಗಳೆಲ್ಲ ಸ್ಥಾವರದ ಮಟ್ಟಿಗೆ ಒಂದೇ ಅಭಿಪ್ರಾಯದವಾಗಿದ್ದುದರಿಂದ, ಬೇಡವೆನ್ನುವವರಿಗೆ ಮತ ಹಾಕಲು ಒಂದು ಹೆಸರಾದರೂ ಇರಲೆಂಬುದು ಆ ಸ್ಪರ್ಧೆಯ ಅರ್ಥ. ಅಂದಿನ ಮತಪತ್ರದಲ್ಲಿ ನೋಟಾ ಇರಲಿಲ್ಲ. ಕಾರಂತರು ಇದ್ದರು. ಅವರು ಸೋತರು, ಸ್ಥಾವರವೂ ಕಟ್ಟಲ್ಪಟ್ಟು 2000ದ ಹೊತ್ತಿಗೆ ವಿದ್ಯುತ್ತನ್ನು ಕೊಡತೊಡಗಿತು. ಆದರೆ ಆ ವರ್ಷ ಉತ್ತರ ಕನ್ನಡದಲ್ಲಿ ಅವರಿಗೆ ಮತವಿತ್ತ ಸಾವಿರಾರು ಮಂದಿ, ಯಾರಿಗೆ ಹಾಕಿದಿರೆಂದು ಜಗಲಿಯಲ್ಲಿ ಕೇಳಿದವರಿಗೆ, "ಇದ್ದವರಲ್ಲಿ" ಎಂಬ ಪೀಠಿಕೆಯಿಲ್ಲದೆ ನೇರವಾಗಿ ಒಂದು ಹೆಸರನ್ನು ಹೇಳಬಹುದಾಗಿತ್ತು.